ಹಂಚಿಕೊಂಡ ತಂತಿಯಿಂದ ಸ್ವಿಚ್ಚಿನ ಪೆಟ್ಟಿಗೆಯವರೆಗೆ



ಹಿಂದಿನ ಬರಹದಲ್ಲಿ ಅಂಚೆ-ತಂತಿ ಕಛೇರಿಗಳ ಕಾಲವನ್ನು ಕುರಿತು ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿದ ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದು ಹೀಗೆ ಕೇಳಿದ್ದಾನೆ: "ಸರ್, ನಾನು ಬೆಂಗಳೂರಿನಲ್ಲಿ ಹದಿನೈದು ವರ್ಷಗಳಿಂದ ನೆಟ್‌ವರ್ಕ್ ಸ್ವಿಚ್ಚುಗಳ ಕೆಲಸ ಮಾಡುತ್ತಿದ್ದೇನೆ. ಊರಿನಲ್ಲಿ ಅಮ್ಮ ಮಾತ್ರ ಇಂದಿಗೂ ನನ್ನನ್ನು ಎಲೆಕ್ಟ್ರಿಶಿಯನ್ ಎಂದೇ ತಿಳಿದಿದ್ದಾರೆ. ಸ್ವಿಚ್ಚು ಎಂದರೆ ಗೋಡೆಯ ಮೇಲಿನ ದೀಪದ ಗುಂಡಿಯಲ್ಲದೆ ಬೇರೇನು ಎನ್ನುತ್ತಾರೆ. ನೀವಾದರೂ ಒಮ್ಮೆ ಬರೆಯಿರಿ." ಆ ತಾಯಿಯ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಒಂದೇ ಪದವು ದೀಪದ ಗುಂಡಿಗೂ, ರೈಲು ಹಳಿಯನ್ನು ತಿರುಗಿಸುವ ಸಾಧನಕ್ಕೂ, ದೂರವಾಣಿ ವಿನಿಮಯ ಕೇಂದ್ರಕ್ಕೂ, ಕೊನೆಗೆ ಕಂಪ್ಯೂಟರುಗಳನ್ನು ಜೋಡಿಸುವ ಪೆಟ್ಟಿಗೆಗೂ ಹೇಗೆ ಬಂದಿತು ಎಂಬುದರಲ್ಲಿಯೇ ಒಂದು ಇತಿಹಾಸ ಅಡಗಿದೆ. ಈ ಬರಹವನ್ನು ಆ ತಾಯಿಯವರಂತಹ ಓದುಗರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ವಿಷಯ ಬಲ್ಲವರು ನನ್ನ ಉಪಮಾನಗಳನ್ನು ಕಂಡು ನಗಬಾರದು.

ದೂರವಾಣಿಯ ಸ್ವಿಚ್ಚಿನಿಂದ ಆರಂಭಿಸುವುದು ಒಳ್ಳೆಯದು. ಆರಂಭದ ದಿನಗಳಲ್ಲಿ ದೂರವಾಣಿ ಕೇಂದ್ರದಲ್ಲಿ ಕುಳಿತ ಆಪರೇಟರು ಯಾರಿಗೆ ಯಾರು ಬೇಕೆಂದು ಕೇಳಿಕೊಂಡು ಕೈಯಿಂದಲೇ ತಂತಿ ಚುಚ್ಚಿ ಸಂಪರ್ಕ ಕೊಡುತ್ತಿದ್ದರು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವ್ಯಾಪಾರವಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತನಿಗೆ, ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಪ್ರತಿಸ್ಪರ್ಧಿಗೆ ಕೊಡುತ್ತಿದ್ದಾರೆಂಬ ಅನುಮಾನ ಹುಟ್ಟಿತಂತೆ. ಆಪರೇಟರ್ ಆ ಪ್ರತಿಸ್ಪರ್ಧಿಯ ಹೆಂಡತಿಯೇ ಆಗಿದ್ದಳೆಂದು ಐತಿಹ್ಯವೊಂದು ಹೇಳುತ್ತದೆ. ಐತಿಹ್ಯ ಹೇಗೆಯೇ ಇರಲಿ, 1891ರಲ್ಲಿ ಸ್ಟ್ರೌಜರನಿಗೆ ಸ್ವಯಂಚಾಲಿತ ವಿನಿಮಯ ಯಂತ್ರದ ಪೇಟೆಂಟ್ ದೊರೆಯಿತು. 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್ ಪಟ್ಟಣದಲ್ಲಿ ಅದು ಕೆಲಸ ಮಾಡಲಾರಂಭಿಸಿತು. ನಡುವೆ ಮನುಷ್ಯರಿಲ್ಲದೆ ಕರೆಗಾರನೇ ತನ್ನ ದಾರಿಯನ್ನು ಆರಿಸಿಕೊಳ್ಳುವ ಕಲ್ಪನೆ ಅಲ್ಲಿಂದ ಬಂದದ್ದು.

ಕನ್ನಡಿಗರಿಗೆ ಈ ಭಾಗ ಪರಕೀಯವೇನಲ್ಲ. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಭಾರತೀಯ ದೂರವಾಣಿ ಕಾರ್ಖಾನೆ, ಎಂದರೆ ನಾವೆಲ್ಲ ಐಟಿಐ ಎಂದು ಕರೆಯುವ ಕಾರ್ಖಾನೆ, ಸ್ಟ್ರೌಜರ್ ಮಾದರಿಯ ಯಂತ್ರಗಳನ್ನು ತಯಾರಿಸಿ ದೇಶದ ಊರೂರಿಗೆ ಕಳುಹಿಸಿತು. ಹಳೆಯ ದೂರವಾಣಿ ಕೇಂದ್ರದ ಒಳಗೆ ಹೋದವರಿಗೆ ಆ ಟಕಟಕ ಸದ್ದು ನೆನಪಿರಬಹುದು. ಒಂದು ಕಡ್ಡಿ ಮೇಲಕ್ಕೆ ಏರಿ, ಅನಂತರ ಸುತ್ತಿ, ಬೇಕಾದ ತಂತಿಯ ಮೇಲೆ ನಿಲ್ಲುತ್ತಿತ್ತು. ಅದರ ನಂತರ ಕ್ರಾಸ್‌ಬಾರ್ ಎಂಬ ಅಡ್ಡ-ಉದ್ದ ಪಟ್ಟಿಗಳ ಯಂತ್ರಗಳು ಬಂದವು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಾಡಿನ ಬಿಸಿಲು ಧೂಳುಗಳನ್ನು ತಡೆದು, ಹವಾನಿಯಂತ್ರಣವಿಲ್ಲದೆಯೇ ನಡೆಯುವ 128 ಸಾಲುಗಳ ಎಲೆಕ್ಟ್ರಾನಿಕ್ ಗ್ರಾಮೀಣ ಕೇಂದ್ರವನ್ನು ರೂಪಿಸಿ, ಮೊದಲನೆಯದನ್ನು 1986ರಲ್ಲಿ ಸ್ಥಾಪಿಸಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು ಎಲ್ಲರಿಗೂ ಗೊತ್ತು, ಈ ಕಿತ್ತೂರು ಬಹಳ ಜನಕ್ಕೆ ತಿಳಿಯದು.

ದೂರವಾಣಿಯ ಸ್ವಿಚ್ಚಿಗೆ ಒಂದು ಗುಣವಿದೆ. ಇಬ್ಬರು ಮಾತನಾಡುವಷ್ಟು ಹೊತ್ತೂ ಅವರಿಬ್ಬರಿಗಾಗಿ ಒಂದು ದಾರಿ ಮೀಸಲಾಗಿರುತ್ತದೆ. ಮಾತು ನಿಂತು ಇಬ್ಬರೂ ಸುಮ್ಮನಿದ್ದರೂ ಆ ದಾರಿ ಬೇರೆಯವರಿಗೆ ಸಿಗದು. ಮನುಷ್ಯರ ಸಂಭಾಷಣೆಗೆ ಇದು ಸರಿ. ಆದರೆ ಕಂಪ್ಯೂಟರುಗಳ ಸ್ವಭಾವವೇ ಬೇರೆ; ಅವು ಬಹಳ ಹೊತ್ತು ಮೌನವಾಗಿದ್ದು ಇದ್ದಕ್ಕಿದ್ದಂತೆ ಒಂದು ಕ್ಷಣ ಗಟ್ಟಿಯಾಗಿ ಮಾತನಾಡಿ ಮತ್ತೆ ಮೌನವಾಗುತ್ತವೆ. ಆದ್ದರಿಂದ 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವೀಸ್ ಇಬ್ಬರೂ ಪರಸ್ಪರ ತಿಳಿಯದೆಯೇ ಒಂದೇ ಉಪಾಯಕ್ಕೆ ಬಂದರು. ಸಂದೇಶವನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಪ್ರತಿಯೊಂದರ ಮೇಲೂ ವಿಳಾಸ ಬರೆದು, ಅಂಚೆಯ ಲಕೋಟೆಗಳಂತೆ ಬಿಟ್ಟುಬಿಡುವುದು. ಈ ತುಂಡುಗಳಿಗೆ ಪ್ಯಾಕೆಟ್ ಎಂದು ಹೆಸರಿಟ್ಟವರು ಡೇವೀಸ್. 1969ರಲ್ಲಿ ಆರ್ಪಾನೆಟ್ ಈ ತತ್ವದ ಮೇಲೆ ದೂರದೂರದ ವಿಶ್ವವಿದ್ಯಾಲಯಗಳನ್ನು ಜೋಡಿಸಿತು.

ಆದರೆ ಒಂದೇ ಕಟ್ಟಡದೊಳಗಿನ ನೂರು ಕಂಪ್ಯೂಟರುಗಳನ್ನು ಜೋಡಿಸುವುದು ಹೇಗೆ? ಇದರ ಉತ್ತರ ಬಂದದ್ದು ಶಾಂತಸಾಗರದ ಹವಾಯಿ ದ್ವೀಪಗಳಿಂದ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ನಾರ್ಮನ್ ಅಬ್ರಾಮ್ಸನ್ 1971ರಲ್ಲಿ ದ್ವೀಪಗಳ ನಡುವೆ ರೇಡಿಯೋ ಮೂಲಕ ನಡೆಯುವ ಅಲೋಹಾನೆಟ್ ಎಂಬ ಜಾಲವನ್ನು ಕಟ್ಟಿದರು. ಅದರ ನಿಯಮ ಬಹಳ ಸರಳ. ಹೇಳುವುದಿದ್ದರೆ ಹೇಳಿಬಿಡು. ಅದೇ ಹೊತ್ತಿಗೆ ಇನ್ನೊಬ್ಬನೂ ಹೇಳಿ ಎರಡೂ ಕಲಸಿಹೋದರೆ, ಸ್ವಲ್ಪ ಹೊತ್ತು ಕಾದು ಮತ್ತೆ ಹೇಳು. ಲೆಕ್ಕ ಹಾಕಿದರೆ ಈ ಪದ್ಧತಿಯಲ್ಲಿ ಚಾನೆಲ್ಲಿನ ಸಾಮರ್ಥ್ಯದ ಸುಮಾರು ಶೇಕಡಾ 18 ಮಾತ್ರ ಉಪಯೋಗಕ್ಕೆ ಬರುತ್ತದೆ. ಮೇಷ್ಟರಿಲ್ಲದ ಎಂಟನೆಯ ತರಗತಿಯನ್ನು ನೋಡಿದವರಿಗೆ ಇದು ಆಶ್ಚರ್ಯವೆನಿಸದು.

ಈ ಕೆಲಸವನ್ನು ಓದಿದ ರಾಬರ್ಟ್ ಮೆಟ್‌ಕಾಫ್ ಎಂಬ ತರುಣನು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1973ರ ಮೇ 22ರಂದು ಒಂದು ಟಿಪ್ಪಣಿ ಬರೆದನು. ಅದರಲ್ಲಿ ಈಥರ್‌ನೆಟ್ ಎಂಬ ಹೆಸರು ಇತ್ತು. ಹತ್ತನೆಯ ತರಗತಿಗೆ ಬೆಳಕಿನ ಪಾಠ ಮಾಡುವಾಗ ನಾನು ಪಠ್ಯದಲ್ಲಿಲ್ಲದಿದ್ದರೂ ಈಥರನ ಕಥೆ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಬೆಳಕಿನ ಅಲೆಗಳು ಚಲಿಸಲು ಸರ್ವವ್ಯಾಪಿಯಾದ ಒಂದು ಮಾಧ್ಯಮ ಬೇಕೆಂದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಕಲ್ಪಿಸಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಅದನ್ನು ಹುಡುಕಲು ಹೋಗಿ ಅದರ ಸುಳಿವೇ ಸಿಗದೆ ಹಿಂದಿರುಗಿದರು. ಇಲ್ಲದ ಆ ಈಥರನ ಹೆಸರನ್ನು ಮೆಟ್‌ಕಾಫ್ ತನ್ನ ತಂತಿಗೆ ಇಟ್ಟನು. ಕಟ್ಟಡದ ಉದ್ದಕ್ಕೂ ಹಾಯ್ದ ಒಂದೇ ತಂತಿ. ಎಲ್ಲರೂ ಅದಕ್ಕೇ ಕಿವಿಗೊಡುವುದು, ಎಲ್ಲರೂ ಅದರಲ್ಲಿಯೇ ಮಾತನಾಡುವುದು. ಹವಾಯಿಯ ನಿಯಮಕ್ಕೆ ಅವನು ಎರಡು ಶಿಸ್ತುಗಳನ್ನು ಸೇರಿಸಿದನು. ಮಾತನಾಡುವ ಮೊದಲು ಬೇರೆ ಯಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಕೇಳು. ಮಾತನಾಡುವಾಗಲೂ ಕೇಳುತ್ತಿರು, ಡಿಕ್ಕಿಯಾದರೆ ಕೂಡಲೇ ನಿಲ್ಲಿಸು. ಮತ್ತೆ ಮತ್ತೆ ಡಿಕ್ಕಿಯಾದರೆ ಕಾಯುವ ಅವಧಿಯ ಮಿತಿಯನ್ನು ಪ್ರತಿ ಸಲವೂ ಇಮ್ಮಡಿ ಮಾಡಿಕೊಳ್ಳುತ್ತಾ ಹೋಗು. ಡೇವಿಡ್ ಬಾಗ್ಸ್ ಎಂಬ ಗೆಳೆಯನೊಡನೆ ಸೇರಿ ಅವನು ಕಟ್ಟಿದ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಕಂಪನಿಗಳು ಸೇರಿ 10 ಮೆಗಾಬಿಟ್ಟಿನ ಈಥರ್‌ನೆಟ್ಟನ್ನು ಪ್ರಕಟಿಸಿದವು. 1983ರಲ್ಲಿ ಐಇಇಇ ಸಂಸ್ಥೆಯು 802.3 ಎಂಬ ಅಂಕಿತದಲ್ಲಿ ಅದನ್ನು ಮಾನಕವನ್ನಾಗಿ ಅಂಗೀಕರಿಸಿತು. ಈ ಮೆಟ್‌ಕಾಫ್‌ಗೆ 2022ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು. (ಇವರೇ 1995ರಲ್ಲಿ, ಮರುವರ್ಷ ಅಂತರ್ಜಾಲ ಕುಸಿದು ಬೀಳುತ್ತದೆಂದು ಅಂಕಣ ಬರೆದು, ಬೀಳದಿದ್ದಾಗ 1997ರಲ್ಲಿ ಸಭೆಯೊಂದರ ಮುಂದೆ ಆ ಅಂಕಣದ ಕಾಗದವನ್ನು ನೀರಿನಲ್ಲಿ ಅರೆದು ತಿಂದವರು. ಭವಿಷ್ಯ ಹೇಳುವ ನಮ್ಮವರಿಗೂ ಈ ನಿಯಮ ಇದ್ದಿದ್ದರೆ ಚೆನ್ನಾಗಿತ್ತು.)

ಆ ಕಾಲದ ತಂತಿ ಹೆಬ್ಬೆರಳಿನಷ್ಟು ದಪ್ಪದ ಕೇಬಲ್ಲು, ಬಣ್ಣ ಸಾಮಾನ್ಯವಾಗಿ ಹಳದಿ. ಒಂದು ತುಂಡು 500 ಮೀಟರಿನವರೆಗೆ ಇರಬಹುದಿತ್ತು. ಎರಡೂವರೆ ಮೀಟರಿಗೊಂದು ಗುರುತು. ಆ ಗುರುತಿನಲ್ಲಿ ಮೇಲ್ಕವಚವನ್ನು ಕೊರೆದು ಮೊಳೆಯಂತಹ ಹಲ್ಲನ್ನು ಒಳಗಿನ ತಾಮ್ರಕ್ಕೆ ತಾಗಿಸಿ ಕಂಪ್ಯೂಟರಿಗೆ ಸಂಪರ್ಕ ತೆಗೆಯುತ್ತಿದ್ದರು. ಕೆಲಸಗಾರರು ಇದನ್ನು ರಕ್ತ ಹೀರುವ ಪಿಶಾಚಿಯ ಹೆಸರಿನಿಂದ ವ್ಯಾಂಪೈರ್ ಟ್ಯಾಪ್ ಎಂದು ಕರೆದರು. ಅನಂತರ ಬಂದದ್ದು ಟಿವಿ ಕೇಬಲ್ಲಿನಂತಹ ತೆಳುವಾದ ತಂತಿ, 185 ಮೀಟರಿನ ಮಿತಿಯದು. ಒಂದು ಕಂಪ್ಯೂಟರಿನಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ, ಹೂವಿನ ಸರದಂತೆ ಹೋಗುತ್ತಿತ್ತು. ಎರಡೂ ತುದಿಗೆ 50 ಓಮ್‌ಗಳ ರೋಧಕವೊಂದನ್ನು ಟೋಪಿಯಂತೆ ಹಾಕಬೇಕು. ಆ ಟೋಪಿ ಸಡಿಲವಾದರೆ ಸಂಕೇತವು ತುದಿಗೆ ಬಡಿದು ಪ್ರತಿಧ್ವನಿಯಂತೆ ಹಿಂದಿರುಗಿ ಸರದ ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಮೂಕವಾಗುತ್ತಿದ್ದವು. ಗುಡಿಸುವವರ ಪೊರಕೆ ತಾಗಿ ಇಡೀ ಕಛೇರಿಯ ಕೆಲಸ ನಿಂತ ಪ್ರಸಂಗಗಳು ಆ ದಿನಗಳಲ್ಲಿ ಸಾಮಾನ್ಯ.

ಈ ತೊಂದರೆಯನ್ನು ಕಳೆದದ್ದು ನಮ್ಮ ಟೆಲಿಫೋನಿನ ಹೆಣೆದ ಜೋಡಿ ತಂತಿ. ಕಛೇರಿಗಳ ಗೋಡೆಗಳಲ್ಲಿ ಅಂತಹ ತಂತಿ ಆಗಲೇ ಇತ್ತು. 1990ರಲ್ಲಿ ಅದರ ಮಾನಕ ಬಂದಿತು. ಈಗ ಪ್ರತಿ ಕಂಪ್ಯೂಟರಿನಿಂದಲೂ ಒಂದೊಂದು ತಂತಿ ಹೊರಟು ನಡುವಿನ ಒಂದು ಪೆಟ್ಟಿಗೆಗೆ ಸೇರುತ್ತದೆ. ಈ ಪೆಟ್ಟಿಗೆಯೇ ಹಬ್. ನೋಡಲು ಇಂದಿನ ಸ್ವಿಚ್ಚಿನಂತೆಯೇ ಕಂಡರೂ ಅದರೊಳಗೆ ಬುದ್ಧಿ ಇಲ್ಲ. ಒಂದು ರಂಧ್ರದಿಂದ ಬಂದದ್ದನ್ನು ಉಳಿದೆಲ್ಲ ರಂಧ್ರಗಳಿಗೂ ಕೂಗಿ ಹೇಳುವುದಷ್ಟೇ ಅದರ ಕೆಲಸ. ಊರಿನಲ್ಲಿ ಡಂಗುರ ಸಾರುವವನನ್ನು ನೆನೆಯಿರಿ. ಸುದ್ದಿ ಗೌಡರ ಮನೆಗೆ ಮಾತ್ರ ಸಂಬಂಧಿಸಿದ್ದರೂ ಅವನು ಎಲ್ಲ ಕೇರಿಗಳಲ್ಲೂ ಸಾರುತ್ತಾನೆ. ಉಳಿದವರು ತಮಗಲ್ಲವೆಂದು ಸುಮ್ಮನಾಗಬೇಕು. ಸುಮ್ಮನಾಗದೆ ಕಿವಿಗೊಟ್ಟು ಕೇಳುವವನೂ ಒಬ್ಬ ಇರುತ್ತಾನೆ. ಆ ದಿನಗಳಲ್ಲಿ ಗುಪ್ತಪದಗಳು ತಂತಿಯ ಮೇಲೆ ಮುಸುಕಿಲ್ಲದೆ ಹೋಗುತ್ತಿದ್ದವು; ಹಬ್ಬಿಗೆ ಜೋಡಿಸಿದ ಯಾವುದೇ ಕಂಪ್ಯೂಟರಿನಿಂದ ಪಕ್ಕದವರ ಗುಪ್ತಪದವನ್ನು ಓದಬಹುದಾಗಿತ್ತು. ಜಾಲದ ವೇಗದ ಚರ್ಚೆಯಲ್ಲಿ ಈ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ನನಗೆ ಇದು ವೇಗಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಹಬ್ಬಿನ ಡಂಗುರವನ್ನು ನಿಲ್ಲಿಸುವ ವಿದ್ಯೆ ಅಷ್ಟರಲ್ಲಿ ಬೇರೊಂದು ಯಂತ್ರದಲ್ಲಿ ಸಿದ್ಧವಾಗಿತ್ತು. ಅದರ ಹೆಸರು ಬ್ರಿಡ್ಜ್, ಎಂದರೆ ಸೇತುವೆ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿ ಮಾರ್ಕ್ ಕೆಂಫ್ ಎಂಬ ಎಂಜಿನಿಯರರು 1980ರ ದಶಕದಲ್ಲಿ ಎರಡು ಈಥರ್‌ನೆಟ್ ತಂತಿಗಳ ನಡುವೆ ಕೂರುವ ಇಂತಹ ಪೆಟ್ಟಿಗೆಯನ್ನು ರೂಪಿಸಿದರು. ಅದು ಕಲಿಯುವ ಬಗೆ ಬಹಳ ಸೊಗಸಾದದ್ದು. ಪ್ರತಿಯೊಂದು ಕಂಪ್ಯೂಟರಿನ ಜಾಲದ ಕಾರ್ಡಿಗೂ ಕಾರ್ಖಾನೆಯಲ್ಲಿಯೇ 48 ಬಿಟ್ಟುಗಳ ಒಂದು ಸಂಖ್ಯೆಯನ್ನು ಕೊಟ್ಟಿರುತ್ತಾರೆ. 48 ಬಿಟ್ಟುಗಳೆಂದರೆ ಸುಮಾರು 281 ಲಕ್ಷ ಕೋಟಿ ಬೇರೆ ಬೇರೆ ಸಂಖ್ಯೆಗಳು. ಸಂಖ್ಯೆಯ ಮೊದಲರ್ಧ ತಯಾರಕನದು, ಉಳಿದರ್ಧ ಅವನ ಸರಕಿನದು. ತಂತಿಯ ಮೇಲೆ ಹೋಗುವ ಪ್ರತಿ ಲಕೋಟೆಯ ಮೇಲೂ ಯಾರಿಗೆ, ಯಾರಿಂದ ಎಂಬ ಎರಡು ಸಂಖ್ಯೆಗಳಿರುತ್ತವೆ.

ಈಗ ಹಳ್ಳಿಯೊಂದಕ್ಕೆ ಹೊಸದಾಗಿ ಬಂದ ಅಂಚೆಯವನನ್ನು ಕಲ್ಪಿಸಿಕೊಳ್ಳಿ. ಅವನಿಗೆ ಯಾರ ಮನೆ ಯಾವ ಕೇರಿಯಲ್ಲಿದೆಯೆಂದು ಗೊತ್ತಿಲ್ಲ, ಯಾರನ್ನೂ ಕೇಳುವುದೂ ಇಲ್ಲ. ಅವನು ಮಾಡುವುದಿಷ್ಟೇ. ಮೇಲಿನ ಕೇರಿಯ ಡಬ್ಬಿಯಿಂದ ಒಂದು ಕಾಗದ ತೆಗೆದಾಗ ಅದರ ಹಿಂಬದಿಯ "ಇಂದ" ವಿಳಾಸವನ್ನು ನೋಡುತ್ತಾನೆ. ರಾಮಯ್ಯ ಎಂದಿದ್ದರೆ, ಸರಿ, ರಾಮಯ್ಯನ ಮನೆ ಮೇಲಿನ ಕೇರಿಯಲ್ಲಿದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಮುಂದೆ ರಾಮಯ್ಯನಿಗೆ ಕಾಗದ ಬಂದರೆ ನೇರವಾಗಿ ಮೇಲಿನ ಕೇರಿಗೆ ಮಾತ್ರ ಒಯ್ಯುತ್ತಾನೆ. ಪುಸ್ತಕದಲ್ಲಿ ಇಲ್ಲದ ಹೆಸರು ಬಂದರೆ ಮಾತ್ರ ಎಲ್ಲ ಕೇರಿಗಳಲ್ಲೂ ಕೂಗುತ್ತಾನೆ. ಕೆಲವು ನಿಮಿಷ ಸುದ್ದಿಯೇ ಇಲ್ಲದವರ ಹೆಸರನ್ನು ಅಳಿಸಿಹಾಕುತ್ತಾನೆ, ಮನೆ ಬದಲಿಸಿರಬಹುದಲ್ಲ! ಯಾರೂ ಏನನ್ನೂ ಹೇಳಿಕೊಡದೆ, ಕೇವಲ ಕಳುಹಿಸಿದವರ ಹೆಸರನ್ನು ಗಮನಿಸಿಯೇ ಸ್ವಲ್ಪ ಹೊತ್ತಿನಲ್ಲಿ ಇಡೀ ಊರನ್ನು ಕಲಿತುಬಿಡುತ್ತಾನೆ. ಇಂದಿನ ಸ್ವಿಚ್ಚುಗಳೂ ಮಾಡುವುದು ಇದನ್ನೇ.

ಇದರಲ್ಲಿ ಒಂದು ಅಪಾಯ ಅಡಗಿತ್ತು. ಎರಡು ಸೇತುವೆಗಳ ನಡುವೆ ಎರಡು ದಾರಿಗಳಿದ್ದರೆ, "ಎಲ್ಲರಿಗೂ" ಎಂದು ಬರೆದ ಲಕೋಟೆಯೊಂದು ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ಹಿಂದಿರುಗಿ ಮತ್ತೆ ಹೊರಟು, ಹೀಗೆ ಸುತ್ತುತ್ತಲೇ ಇರುತ್ತದೆ. ಇಂತಿಷ್ಟು ಸುತ್ತಿನ ನಂತರ ಸಾಯಬೇಕೆಂಬ ಗುರುತು ಈಥರ್‌ನೆಟ್ ಲಕೋಟೆಯ ಮೇಲೆ ಇಲ್ಲ. ದಾರಿಗಳು ಇನ್ನೂ ಹೆಚ್ಚಾಗಿದ್ದರೆ ಪ್ರತಿ ಕವಲಿನಲ್ಲಿಯೂ ಅದರ ನಕಲುಗಳು ಹುಟ್ಟಿ, ಕ್ಷಣಾರ್ಧದಲ್ಲಿ ಬೇರೆ ಯಾವ ಮಾತಿಗೂ ಜಾಗ ಇರುವುದಿಲ್ಲ. ಹಾಗೆಂದು ಎರಡನೆಯ ದಾರಿಯೇ ಬೇಡವೆನ್ನುವಂತಿಲ್ಲ, ಮೊದಲನೆಯದು ತುಂಡಾದರೆ ಗತಿಯೇನು? ಈ ಒಗಟನ್ನು ಬಿಡಿಸಿದವರು ಅದೇ ಡಿಜಿಟಲ್ ಕಂಪನಿಯ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ಅವರ ಮೇಲಧಿಕಾರಿ ಶುಕ್ರವಾರ ಈ ಸಮಸ್ಯೆಯನ್ನು ಕೊಟ್ಟು ಒಂದು ವಾರದ ರಜೆಯ ಮೇಲೆ ಹೋದರಂತೆ. ಪರಿಹಾರ ಅಂದು ರಾತ್ರಿಯೇ ಹೊಳೆಯಿತು. ಸೋಮವಾರ, ಮಂಗಳವಾರ ಅದನ್ನು ಬರೆದು ಮುಗಿಸಿದರು. ವಾರದ ಉಳಿದ ದಿನಗಳಲ್ಲಿ ತಮ್ಮ ವಿಧಾನದ ಬಗೆಗೆ ಒಂದು ಪದ್ಯವನ್ನೇ ಕಟ್ಟಿದರೆಂದು ಅವರೇ ಹೇಳಿಕೊಂಡಿದ್ದಾರೆ. 1985ರಲ್ಲಿ ಅದು ಪ್ರಕಟವಾಯಿತು. ಹೆಸರು ಸ್ಪ್ಯಾನಿಂಗ್ ಟ್ರೀ, ಎಂದರೆ ಎಲ್ಲವನ್ನೂ ತಲುಪುವ ಮರ.

ಕೆರೆ ನೀರಿನ ಲೆಕ್ಕದಲ್ಲಿ ಹೇಳುವುದಾದರೆ, ಪೆಟ್ಟಿಗೆಗಳೆಲ್ಲ ಪರಸ್ಪರ ಮಾತನಾಡಿಕೊಂಡು ತಮ್ಮಲ್ಲಿ ಒಂದನ್ನು ಕೆರೆಯೆಂದು ಒಪ್ಪಿಕೊಳ್ಳುತ್ತವೆ. ಪ್ರತಿ ಗದ್ದೆಯೂ ಆ ಕೆರೆಗೆ ಅತ್ಯಂತ ಹತ್ತಿರದ ಕಾಲುವೆಯನ್ನು ಉಳಿಸಿಕೊಂಡು, ಹೆಚ್ಚಿನ ಕಾಲುವೆಗಳಿಗೆ ಮಣ್ಣು ಹಾಕಿ ಮುಚ್ಚುತ್ತದೆ. ಕಾಲುವೆ ಇರುತ್ತದೆ, ನೀರು ಹರಿಯುವುದಿಲ್ಲ. ಮುಖ್ಯ ಕಾಲುವೆ ಒಡೆದ ದಿನ ಆ ಮಣ್ಣನ್ನು ತೆಗೆಯುತ್ತಾರೆ. ಇಷ್ಟೆಲ್ಲವೂ ಮನುಷ್ಯರ ಕೈ ತಾಗದೆ ನಡೆಯುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಸುಂದರವಾದ ವಿಚಾರ ಇದೇ. ಗಣಿತ ಹುಡುಗಿಯರಿಗಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮಾತು ಬಂದಾಗಲೆಲ್ಲ ನಾನು ಈ ಹೆಸರನ್ನು ಎತ್ತುತ್ತಿದ್ದೆ.

ಈಗ ಸ್ವಿಚ್ಚಿಗೆ ಬರೋಣ. 1990ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಣ್ಣ ಕಂಪನಿ ಏಳು ರಂಧ್ರಗಳ ಒಂದು ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಹೆಸರು ಈಥರ್‌ಸ್ವಿಚ್. ಕಂಪನಿಯ ಹೆಸರು ಕೇಳಿದರೆ ನಿಮಗೆ ಅಚ್ಚರಿಯಾದೀತು: ಕಲ್ಪನಾ! ಸ್ಥಾಪಕರಿಬ್ಬರಲ್ಲಿ ಒಬ್ಬರು ಭಾರತೀಯ ಮೂಲದ ವಿನೋದ್ ಭಾರದ್ವಾಜ್, ಇನ್ನೊಬ್ಬರು ಲ್ಯಾರಿ ಬ್ಲೇರ್. ಭಾರದ್ವಾಜ್ ಅವರ ಪತ್ನಿಯ ಹೆಸರನ್ನೇ ಕಂಪನಿಗೆ ಇಟ್ಟಿದ್ದರು. ಜಗತ್ತಿನ ಮೊಟ್ಟಮೊದಲ ಬಹುರಂಧ್ರ ಈಥರ್‌ನೆಟ್ ಸ್ವಿಚ್ ಇದೇ.

ತಾತ್ವಿಕವಾಗಿ ಇದು ಹಳೆಯ ಸೇತುವೆಯೇ. ಎರಡು ಕೇರಿಗಳ ಬದಲು ಏಳು ಕೇರಿಗಳ ಅಂಚೆಯವನು, ಅಷ್ಟೆ. ಮಾನಕ ಬರೆಯುವವರು ತಮ್ಮ ಗ್ರಂಥಗಳಲ್ಲಿ ಇಂದಿಗೂ ಬ್ರಿಡ್ಜ್ ಎಂಬ ಪದವನ್ನೇ ಬಳಸುತ್ತಾರೆ. ಸ್ವಿಚ್ ಎಂಬುದು ವ್ಯಾಪಾರದವರು ಇಟ್ಟ ಹೆಸರು, ಜನ ಒಪ್ಪಿಕೊಂಡದ್ದೂ ಅದನ್ನೇ. ಆದರೆ ಹೆಸರು ಅಸಂಬದ್ಧವೇನಲ್ಲ. ಹಬ್ಬಿನಲ್ಲಿ ಒಮ್ಮೆಗೆ ಒಬ್ಬನೇ ಮಾತನಾಡಬಹುದು, ಸ್ವಿಚ್ಚಿನಲ್ಲಿ ಒಂದನೆಯವನು ನಾಲ್ಕನೆಯವನೊಡನೆ ಮಾತನಾಡುವಾಗಲೇ ಎರಡನೆಯವನು ಆರನೆಯವನೊಡನೆ ಮಾತನಾಡಬಹುದು. ದೂರವಾಣಿ ಕೇಂದ್ರದ ಗುಣ ಇಲ್ಲಿ ಮರಳಿ ಬಂದಿತು; ದೊಡ್ಡ ಸ್ವಿಚ್ಚುಗಳ ಒಳಗಿನ ಜೋಡಣೆಗೆ ಕ್ರಾಸ್‌ಬಾರ್ ಎಂಬ ದೂರವಾಣಿಯ ಹಳೆಯ ಹೆಸರೇ ಇದೆ.

ಕಲ್ಪನಾ ಪೆಟ್ಟಿಗೆಯ ಇನ್ನೊಂದು ಚಾತುರ್ಯವನ್ನು ಹೇಳಬೇಕು. ಹಳೆಯ ಸೇತುವೆಗಳು ಲಕೋಟೆ ಪೂರ್ತಿ ಕೈಸೇರುವವರೆಗೆ ಕಾದು, ಅದರಲ್ಲಿ ದೋಷವಿಲ್ಲವೆಂದು ತೂಗಿ ನೋಡಿ, ಆಮೇಲೆ ಮುಂದೆ ಕಳುಹಿಸುತ್ತಿದ್ದವು. 10 ಮೆಗಾಬಿಟ್ ವೇಗದಲ್ಲಿ 1518 ಬೈಟ್‌ಗಳ ದೊಡ್ಡ ಲಕೋಟೆಯೊಂದು ಬಂದು ಮುಗಿಯಲು ಸುಮಾರು 1.2 ಮಿಲಿಸೆಕೆಂಡ್ ಬೇಕು. ಆದರೆ "ಗೆ" ವಿಳಾಸವಿರುವುದು ಲಕೋಟೆಯ ಮೊದಲ 6 ಬೈಟ್‌ಗಳಲ್ಲಿ. ಅಷ್ಟು ಬರಲು 5 ಮೈಕ್ರೋಸೆಕೆಂಡ್‌ಗೂ ಕಡಿಮೆ ಸಮಯ ಸಾಕು. ವಿಳಾಸ ಓದಿದ ಕೂಡಲೇ, ಹಿಂದಿನ ಭಾಗ ಇನ್ನೂ ಬರುತ್ತಿರುವಾಗಲೇ, ಮುಂದಿನ ಭಾಗವನ್ನು ದಾಟಿಸಿಬಿಟ್ಟರೆ? ಇದನ್ನು ಕಟ್-ಥ್ರೂ ಎನ್ನುತ್ತಾರೆ, ಹಳೆಯ ರೀತಿಯನ್ನು ಸ್ಟೋರ್-ಅಂಡ್-ಫಾರ್ವರ್ಡ್ ಎನ್ನುತ್ತಾರೆ. ಕಟ್-ಥ್ರೂನಲ್ಲಿ ಒಂದು ಕೊರತೆಯಿದೆ. ದೋಷ ಪರೀಕ್ಷೆಯ ಅಂಕಿ ಇರುವುದು ಲಕೋಟೆಯ ಕೊನೆಯಲ್ಲಿ. ಅದು ಬರುವ ವೇಳೆಗೆ ಕೆಟ್ಟ ಲಕೋಟೆಯೂ ಮುಂದೆ ಹೋಗಿಯಾಗಿರುತ್ತದೆ. ವೇಗ ನೂರು ಪಟ್ಟು, ಸಾವಿರ ಪಟ್ಟು ಏರಿದ ಮೇಲೆ ಕಾಯುವ ಸಮಯವೇ ಅತ್ಯಲ್ಪವಾದ್ದರಿಂದ ಸಾಮಾನ್ಯ ಸ್ವಿಚ್ಚುಗಳು ಹಳೆಯ ತಾಳ್ಮೆಯ ರೀತಿಗೇ ಮರಳಿದವು. ಷೇರು ವ್ಯಾಪಾರದಂತಹ, ಮೈಕ್ರೋಸೆಕೆಂಡಿಗೂ ಬೆಲೆ ಕಟ್ಟುವ ಕಡೆಗಳಲ್ಲಿ ಕಟ್-ಥ್ರೂ ಉಳಿದುಕೊಂಡಿತು.

1993ರಲ್ಲಿ ಸಿಸ್ಕೋ ಕಂಪನಿಯು ಕ್ರೆಸೆಂಡೋ ಎಂಬ ಸ್ವಿಚ್ ಕಂಪನಿಯನ್ನೂ, 1994ರಲ್ಲಿ ಕಲ್ಪನಾವನ್ನೂ, 1995ರಲ್ಲಿ ಗ್ರ್ಯಾಂಡ್ ಜಂಕ್ಷನ್ ಎಂಬುದನ್ನೂ ಕೊಂಡುಕೊಂಡಿತು. ಕಲ್ಪನಾ ಎಂಬ ಹೆಸರು ಪೆಟ್ಟಿಗೆಗಳ ಮೇಲಿನಿಂದ ಅಳಿಸಿಹೋಯಿತು. ಬೆಂಗಳೂರಿನಲ್ಲಿ ಇದೇ ಕ್ಷೇತ್ರದಲ್ಲಿ ದುಡಿಯುವ ಹುಡುಗರಲ್ಲಿ ಕೆಲವರನ್ನು ಕೇಳಿ ನೋಡಿದೆ, ಒಬ್ಬನೂ ಆ ಹೆಸರು ಕೇಳಿರಲಿಲ್ಲ.

ಸ್ವಿಚ್ಚಿನಿಂದ ಆದ ದೊಡ್ಡ ಬದಲಾವಣೆಯೊಂದು ಹೊರಗೆ ಕಾಣುವುದಿಲ್ಲ. ಪ್ರತಿ ಕಂಪ್ಯೂಟರಿಗೂ ಪ್ರತ್ಯೇಕ ತಂತಿ, ತಂತಿಯೊಳಗೆ ಹೋಗುವುದಕ್ಕೆ ಒಂದು ಜೋಡಿ, ಬರುವುದಕ್ಕೆ ಇನ್ನೊಂದು ಜೋಡಿ. ಇನ್ನು ಡಿಕ್ಕಿ ಎಲ್ಲಿಂದ ಬರಬೇಕು? 1997ರಲ್ಲಿ ಈ ಎರಡೂ ದಿಕ್ಕಿನ ಸಂಚಾರಕ್ಕೆ ಮಾನಕ ಬಂದಿತು. 2002ರ 10 ಗಿಗಾಬಿಟ್ ಮಾನಕದಲ್ಲಿ ಡಿಕ್ಕಿಯ ನಿಯಮಗಳನ್ನು ಸೇರಿಸಲೇ ಇಲ್ಲ. ಎಲ್ಲರೂ ಹಂಚಿಕೊಳ್ಳುವ ಈಥರ್ ಎಂಬ ಯಾವ ವಿಚಾರದಿಂದ ಈಥರ್‌ನೆಟ್ ಹುಟ್ಟಿತೋ, ಯಾವ ಕಾರಣಕ್ಕೆ ಆ ಹೆಸರು ಬಂದಿತೋ, ಅದೇ ಇಲ್ಲವಾಯಿತು. ಹೆಸರು ಮಾತ್ರ ಉಳಿಯಿತು. ಬೆಳಕಿನ ಈಥರನಿಗೆ ಆದ ಗತಿಯೇ ಈ ಈಥರನಿಗೂ ಆಯಿತೆಂದು ಹೇಳಬಹುದೇನೋ.

ಇಂದು ಅಂಗಡಿಗೆ ಹೋದರೆ ಸ್ವಿಚ್ಚುಗಳಲ್ಲಿ ಹಲವು ಜಾತಿ ಕಾಣುತ್ತವೆ. ಐದು ಅಥವಾ ಎಂಟು ರಂಧ್ರಗಳ, ಯಾವ ಸಿದ್ಧತೆಯೂ ಬೇಡದ, ತಂತಿ ಚುಚ್ಚಿದರೆ ಕೆಲಸ ಮಾಡುವ ಅಗ್ಗದ ಪೆಟ್ಟಿಗೆಗೆ ಅನ್‌ಮ್ಯಾನೇಜ್ಡ್ ಎನ್ನುತ್ತಾರೆ. ಮ್ಯಾನೇಜ್ಡ್ ಎಂಬುದರಲ್ಲಿ ಒಳಹೊಕ್ಕು ಆಜ್ಞೆಗಳನ್ನು ಕೊಡಬಹುದು, ಯಾವ ರಂಧ್ರದಲ್ಲಿ ಎಷ್ಟು ಸಂಚಾರವೆಂದು ನೋಡಬಹುದು, ಒಂದೇ ಪೆಟ್ಟಿಗೆಯನ್ನು ಹಲವು ಪೆಟ್ಟಿಗೆಗಳಂತೆ ಭಾಗ ಮಾಡಬಹುದು. ಈ ಭಾಗ ಮಾಡುವುದಕ್ಕೆ ವಿಲ್ಯಾನ್ ಎಂದು ಹೆಸರು, 1998ರ ಮಾನಕ. ಕಾಲೇಜಿನ ಲೆಕ್ಕಪತ್ರ ವಿಭಾಗವೂ ವಿದ್ಯಾರ್ಥಿಗಳ ಪ್ರಯೋಗಾಲಯವೂ ಒಂದೇ ಸ್ವಿಚ್ಚಿನಲ್ಲಿದ್ದರೂ ಒಂದರ ಕೂಗು ಇನ್ನೊಂದಕ್ಕೆ ಕೇಳಿಸದು. ಒಂದೇ ವಠಾರದಲ್ಲಿ ನಡುಗೋಡೆ ಹಾಕಿದಂತೆ. ಲೇಯರ್ 3 ಸ್ವಿಚ್ ಎಂಬುದು ಕಾರ್ಡಿನ ಸಂಖ್ಯೆಯನ್ನಷ್ಟೇ ಅಲ್ಲದೆ ಅಂತರ್ಜಾಲದ ಐಪಿ ವಿಳಾಸವನ್ನೂ ಓದಿ ಈ ನಡುಗೋಡೆಗಳ ಆಚೀಚೆ ಲಕೋಟೆಗಳನ್ನು ದಾಟಿಸುತ್ತದೆ. ಮೊದಲು ಇದು ರೌಟರಿನ ಕೆಲಸವಾಗಿತ್ತು. ಇನ್ನೊಂದು ಬಗೆ, 2003ರ ಮಾನಕದಿಂದ ಬಂದದ್ದು, ಅದೇ ತಂತಿಯಲ್ಲಿ ವಿದ್ಯುತ್ತನ್ನೂ ಕೊಡುತ್ತದೆ, ರಂಧ್ರವೊಂದಕ್ಕೆ 15.4 ವ್ಯಾಟ್‌ವರೆಗೆ. 2018ರ ಮಾನಕದಲ್ಲಿ ಇದು 90 ವ್ಯಾಟ್‌ವರೆಗೆ ಏರಿದೆ. ನಿಮ್ಮ ಬಡಾವಣೆಯ ಸಿಸಿ ಕ್ಯಾಮರಾಕ್ಕೆ ಬೇರೆ ಪ್ಲಗ್ ಕಾಣದಿದ್ದರೆ ಇದೇ ಕಾರಣವಿರಬಹುದು. ಕರೆಂಟು ಹೋದಾಗ ಸ್ವಿಚ್ಚಿಗೊಂದು ಯುಪಿಎಸ್ ಇದ್ದರೆ ಕ್ಯಾಮರಾಗಳೆಲ್ಲವೂ ಬದುಕುತ್ತವೆ. ನಮ್ಮಂತಹ ಊರುಗಳಿಗೆ ಹೇಳಿ ಮಾಡಿಸಿದಂತಿದೆ.

ಅಗ್ಗದ ಪೆಟ್ಟಿಗೆಯ ವಿಷಯದಲ್ಲಿ ಒಂದು ಮಾತು ಉಳಿಯಿತು. ಅವುಗಳಲ್ಲಿ ಬಹುಪಾಲಿಗೆ ಪರ್ಲ್‌ಮನ್ನರ ಮರ ಗೊತ್ತಿಲ್ಲ. ನಾನಿದ್ದ ಶಾಲೆಯೊಂದರ ಕಂಪ್ಯೂಟರ್ ಕೊಠಡಿಯಲ್ಲಿ ಪರೀಕ್ಷೆಯ ಮುನ್ನಾದಿನ ಇಪ್ಪತ್ತು ಕಂಪ್ಯೂಟರುಗಳೂ ಒಮ್ಮೆಗೇ ನಿಂತುಹೋದವು. ಪೇಟೆಯಿಂದ ಬಂದ ಮೆಕ್ಯಾನಿಕ್ ಕಾರ್ಡುಗಳೆಲ್ಲ ಸುಟ್ಟಿವೆ ಎಂದು ಹೇಳಿ ದೊಡ್ಡದೊಂದು ಅಂದಾಜು ಪಟ್ಟಿಯನ್ನು ಕೊಟ್ಟುಹೋದನು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ, ಎಡೆಬಿಡದೆ ಮಿನುಗುತ್ತಿವೆ ಎಂದು ತೋರಿಸಿದಳು. ನೋಡಿದರೆ, ನೇತಾಡುತ್ತಿದ್ದ ತಂತಿಯ ಎರಡೂ ತುದಿಗಳನ್ನು ಯಾರೋ ಅಂದವಾಗಿರಲೆಂದು ಅದೇ ಸ್ವಿಚ್ಚಿಗೆ ಚುಚ್ಚಿದ್ದರು! ಒಂದು ತುದಿ ಕಿತ್ತೊಡನೆ ಎಲ್ಲವೂ ಸರಿಯಾಯಿತು. ಅಂದಾಜು ಪಟ್ಟಿ ಬಹುಕಾಲ ನನ್ನ ಮೇಜಿನ ಖಾನೆಯಲ್ಲಿತ್ತು.

ಶಾಲೆಯಲ್ಲಿ ಇದು ನಗುವ ವಿಷಯ, ಆಸ್ಪತ್ರೆಯಲ್ಲಿ ಅಲ್ಲ. 2002ರ ನವೆಂಬರ್ 13ರಂದು ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದ ಜಾಲ ನಿಧಾನವಾಗಿ, ಕೊನೆಗೆ ನಿಂತೇಹೋಯಿತು. ಎರಡು ಆಸ್ಪತ್ರೆಗಳು 1996ರಲ್ಲಿ ಒಂದಾಗಿ ಆದ ಸಂಸ್ಥೆ ಅದು. ಅಲ್ಲಿನ ಜಾಲವು ಹಳೆಯ ಮನೆಗೆ ವರ್ಷವರ್ಷವೂ ಕೊಟ್ಟಿಗೆ, ಜಗಲಿ, ಅಟ್ಟ ಸೇರಿಸುತ್ತಾ ಹೋದಂತೆ ಸ್ವಿಚ್ಚಿನ ಹಿಂದೆ ಸ್ವಿಚ್ಚು ಸೇರಿಸಿ ಬೆಳೆದದ್ದು. ಸ್ಪ್ಯಾನಿಂಗ್ ಟ್ರೀ ಸರಿಯಾಗಿ ನಡೆಯಲು ಒಂದರ ಹಿಂದೊಂದು ಏಳಕ್ಕಿಂತ ಹೆಚ್ಚು ಪೆಟ್ಟಿಗೆಗಳು ಇರಬಾರದೆಂಬ ಮಿತಿಯಿದೆ. ಅಲ್ಲಿ ಆ ಮಿತಿ ಮೀರಿತ್ತು. ಸಂಶೋಧಕರೊಬ್ಬರ ದತ್ತಾಂಶ ಹಂಚುವ ತಂತ್ರಾಂಶದಿಂದ ಒಮ್ಮೆಲೇ ಭಾರೀ ಸಂಚಾರ ಹುಟ್ಟಿದಾಗ, ಪೆಟ್ಟಿಗೆಗಳ ನಡುವಿನ ಮಾತುಕತೆಯೇ ಕಡಿದುಬಿದ್ದಿತು. ಮುಚ್ಚಿರಬೇಕಾದ ಕಾಲುವೆಗಳು ತೆರೆದುಕೊಂಡವು, ಲಕೋಟೆಗಳು ಸುತ್ತತೊಡಗಿದವು. ಸುಮಾರು ನಾಲ್ಕು ದಿನಗಳ ಕಾಲ ಆ ದೊಡ್ಡ ಆಸ್ಪತ್ರೆ ಕಾಗದ-ಪೆನ್ನಿಗೆ ಮರಳಬೇಕಾಯಿತು. ರಕ್ತಪರೀಕ್ಷೆಯ ಫಲಿತಾಂಶಗಳನ್ನು ಕೈಯಲ್ಲಿ ಹಿಡಿದು ಓಡಿ ತಲುಪಿಸಿದರು. ಕಂಪ್ಯೂಟರಿನಲ್ಲಿಯೇ ಔಷಧಿ ಬರೆದು ರೂಢಿಯಾಗಿದ್ದ ಕಿರಿಯ ವೈದ್ಯರಿಗೆ ಹಿರಿಯರು ಕೈಬರಹದ ಚೀಟಿ ಹೇಗಿರಬೇಕೆಂದು ತೋರಿಸಿಕೊಡಬೇಕಾಯಿತು.

ಆ ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಹಲಮ್ಕಾ ಅವರು ಇದನ್ನು ಮುಚ್ಚಿಡಲಿಲ್ಲ. ಏನಾಯಿತು, ಏಕಾಯಿತು ಎಂಬುದನ್ನೆಲ್ಲ ಪತ್ರಿಕೆಗಳವರಿಗೂ ಇತರ ಆಸ್ಪತ್ರೆಗಳಿಗೂ ಬಿಡಿಸಿ ಹೇಳಿದರು. ವೈದ್ಯಕೀಯ ನಿಯತಕಾಲಿಕದಲ್ಲಿಯೂ ಅದರ ವಿವರ ಬಂದಿತು. ಆ ಜಾಲವನ್ನು ಲೇಯರ್ 3 ಸ್ವಿಚ್ಚುಗಳಿಂದ, ಒಂದು ಭಾಗ ಕೆಟ್ಟರೆ ಅಲ್ಲಿಗೇ ನಿಲ್ಲುವಂತೆ, ಹೊಸದಾಗಿ ಕಟ್ಟಲಾಯಿತು. ಪರ್ಲ್‌ಮನ್ನರೂ ತಮ್ಮ ಮರವು ಇಷ್ಟು ದೊಡ್ಡ ಜಾಲಗಳಿಗೆಂದು ಮಾಡಿದ್ದಲ್ಲವೆಂದು ಅನೇಕ ಸಲ ಹೇಳಿದ್ದಾರೆ. ಅದಕ್ಕೆ ಬದಲಾಗಿ ಟ್ರಿಲ್ ಎಂಬ ಬೇರೊಂದು ವಿಧಾನವನ್ನೂ ಅವರೇ ಮುಂದೆ ರೂಪಿಸಿದರು.

ಹಬ್ಬುಗಳ ಕಾಲ ಮುಗಿಯಿತು. ಹೊಸ ಜಾಲಗಳಲ್ಲಿ ಅವುಗಳನ್ನು ಬಳಸಬಾರದೆಂದು ಐಇಇಇ ಮಾನಕವೇ 2011ರ ಹೊತ್ತಿಗೆ ಹೇಳಿತು. ಆದರೆ ಹವಾಯಿಯ ಪ್ರಾಧ್ಯಾಪಕರ ನಿಯಮ ಮಾತ್ರ ಸತ್ತಿಲ್ಲ. ನಿಮ್ಮ ಮನೆಯ ವೈಫೈ ಪೆಟ್ಟಿಗೆಯ ಹಿಂಬದಿಯನ್ನು ನೋಡಿ. ಸಾಲಾಗಿರುವ ನಾಲ್ಕು ಚೌಕ ರಂಧ್ರಗಳು ಕಾಣುತ್ತವೆಯಲ್ಲ, ಅದೇ ಒಂದು ಪುಟ್ಟ ಸ್ವಿಚ್ಚು, ಕಲ್ಪನಾ ಕುಲದ್ದು. ಅದೇ ಪೆಟ್ಟಿಗೆಯ ಮೇಲೆ ನಿಂತ ಆಂಟೆನಾದ ಸುತ್ತ ಗಾಳಿಯಲ್ಲಿ ಮಾತ್ರ ನಿಮ್ಮ ಫೋನು, ಮಗಳ ಲ್ಯಾಪ್‌ಟಾಪು, ಪಕ್ಕದ ಮನೆಯವರ ಟಿವಿ ಎಲ್ಲವೂ ಒಂದೇ ಮಾಧ್ಯಮವನ್ನು ಹಂಚಿಕೊಂಡು, ಯಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಕಿವಿಗೊಟ್ಟು, ಡಿಕ್ಕಿಯಾದರೆ ಸ್ವಲ್ಪ ಕಾದು ಮತ್ತೆ ಹೇಳುತ್ತಿವೆ.